ಏಳೂವರೆ ಇಂಚಿನ ಶನಿ

ನಮ್ಮ ಲೇಔಟಿನಲ್ಲಿ ದಿನಕ್ಕೆ ನಾಲ್ಕು ಸಲ ಗೇಟು ಬೀಳುತ್ತದೆ. ಕಾಂಪೌಂಡಿನ ಗೇಟಲ್ಲ, ರೈಲ್ವೆ ಗೇಟು. ಕೆಂಪು ಬಿಳಿ ಪಟ್ಟೆಯ ಕೋಲು, ಒಂದು ಹಿತ್ತಾಳೆ ಗಂಟೆ, ಗಂಟೆ ಹೊಡೆಯಲು ಒಬ್ಬ ಸೆಕ್ಯೂರಿಟಿ. ಗೇಟು ಬಿದ್ದರೆ ಕಾರು ನಿಲ್ಲಬೇಕು, ಶಾಲೆಯ ವ್ಯಾನು ನಿಲ್ಲಬೇಕು, ಪೇಪರ್ ಹಾಕುವ ಹುಡುಗನ ಸೈಕಲ್ಲೂ ನಿಲ್ಲಬೇಕು.

ಮೊನ್ನೆ ಮಲ್ಪೆಯಿಂದ ಬಂಗುಡೆ ತಂದ ಮೀನಿನ ಅಕ್ಕನೂ ನಿಂತರು. ತಲೆಯ ಮೇಲೆ ಬುಟ್ಟಿ. ಬುಟ್ಟಿಯಿಂದ ಐಸ್ ನೀರು ತೊಟ್ಟಿಕ್ಕಿ ಕಿವಿಯ ಹಿಂದೆ ಇಳಿಯುತ್ತಾ ಇತ್ತು. ಆರು ನಿಮಿಷ ಕಾದ ಮೇಲೆ ರೈಲು ಬಂತು. ಎತ್ತರ ಅಕ್ಕನ ಮೊಣಕಾಲಿಗೆ. ಅದರ ಮೇಲೆ ಕೂತಿದ್ದವರು ನಮ್ಮ ಅಸೋಸಿಯೇಷನ್ನಿನ ಅಧ್ಯಕ್ಷರು. ತಲೆಗೆ ನೀಲಿ ಟೋಪಿ, ಕೈಯಲ್ಲಿ ಹಸಿರು ಬಾವುಟ, ಎರಡೂ ಮೊಣಕಾಲು ಕಿವಿಯ ಹತ್ತಿರ. ಅಕ್ಕ ಮೇಲಿಂದ ಕೆಳಗೆ ನೋಡಿ ನನ್ನತ್ರ ಮೆಲ್ಲ ಕೇಳಿದರು, "ಪಾಪ, ಇವರಿಗೆ ಎಂಥ ಆಯ್ತು?"

ನಾನು ಉತ್ತರ ಕೊಡಲಿಲ್ಲ. ಅವರ ಟೈಮ್ ಆಗಲೇ ಆರು ನಿಮಿಷ ಹಾಳಾಗಿತ್ತು. ನಾನು ಶುರು ಮಾಡಿದರೆ ಬಂಗುಡೆಯೂ ಹಾಳಾಗುತ್ತಿತ್ತು.

ನಿಮಗಾದರೆ ಹೇಳಬಹುದು, ನಿಮ್ಮ ಕೈಯಲ್ಲಿ ಮೀನಿಲ್ಲವಲ್ಲ.

ಉಡುಪಿಯ ರೈಲು ನಿಲ್ದಾಣ ಇರುವುದು ಇಂದ್ರಾಳಿಯಲ್ಲಿ. ಸುತ್ತ ಎಲ್ಲೇ ಗುಡ್ಡ ಕಡಿದು ಸೈಟು ಮಾಡಿದರೂ "ರೈಲು ನಿಲ್ದಾಣಕ್ಕೆ ಹತ್ತೇ ನಿಮಿಷ" ಅಂತ ಬರೆಯುತ್ತಾರೆ. ಯಾವ ವಾಹನದಲ್ಲಿ, ರಾತ್ರಿ ಎಷ್ಟು ಗಂಟೆಗೆ ಅಂತ ಬರೆಯುವುದಿಲ್ಲ. ನಮ್ಮ ಬಿಲ್ಡರ್ ಎಲ್ಲರಿಗಿಂತ ಒಂದು ಕೈ ಮೇಲೆ. "ನಿಲ್ದಾಣ ನಿಮ್ಮ ಬಾಗಿಲಲ್ಲೇ" ಅಂತ ಬರೆದ. ಬ್ರೋಷರಿನಲ್ಲಿ ಹುಲ್ಲುಹಾಸು, ಹುಲ್ಲುಹಾಸಿನ ಮೇಲೆ ಪುಟ್ಟ ರೈಲು, ರೈಲಿನ ಮೇಲೆ ನಗುವ ಬಿಳಿಯ ಮುದುಕ. ಆ ಮುದುಕನನ್ನು ನೋಡಿ ನಾವು ಅರವತ್ತು ಮನೆಯವರು ಚದರ ಅಡಿಗೆ ನಾನೂರು ರೂಪಾಯಿ ಜಾಸ್ತಿ ಕೊಟ್ಟೆವು.

ಫೋಟೋ ಎಲ್ಲಿಯದೋ, ಐಡಿಯಾ ಮಾತ್ರ ಅಮೆರಿಕದ್ದು. ಒರೆಗಾನ್ ರಾಜ್ಯದಲ್ಲಿ ಚಿಲೊಕ್ವಿನ್ ಅಂತ ಒಂದು ಸಣ್ಣ ಊರುಂಟು. ಅಲ್ಲಿ 1987ರಲ್ಲಿ ಶುರುವಾದ ಟ್ರೇನ್ ಮೌಂಟನ್ ಎಂಬ ಹವ್ಯಾಸಿಗಳ ರೈಲು ಉಂಟು. ಎರಡು ಹಳಿಗಳ ನಡುವೆ ಏಳೂವರೆ ಇಂಚು. ಹಳಿ ಎಲ್ಲ ಸೇರಿಸಿದರೆ 35 ಮೈಲಿಗೂ ಜಾಸ್ತಿ, ಹೆಚ್ಚುಕಡಿಮೆ ಉಡುಪಿಯಿಂದ ಮಂಗಳೂರಿಗೆ ಹೋಗುವಷ್ಟು. ಗಿನ್ನೆಸ್‌ನವರು ದಾಖಲೆ ಅಂತ ಬರೆದುಕೊಂಡಿದ್ದಾರೆ. ಈ ಹವ್ಯಾಸದವರು ಮನೆಯ ಶೆಡ್ಡಿನಲ್ಲಿ ಲೇತ್ ಇಟ್ಟುಕೊಂಡು ವರ್ಷಗಟ್ಟಲೆ ಒಂದೇ ಎಂಜಿನ್ ಮಾಡುತ್ತಾರೆ. ಪುಟ್ಟ ಬಾಯ್ಲರಿಗೆ ಕಲ್ಲಿದ್ದಲು ಹಾಕಿ ನಿಜವಾದ ಹಬೆ ಎಬ್ಬಿಸುತ್ತಾರೆ. ಹಳಿಯನ್ನೂ ತಾವೇ ಬಗ್ಗಿ ಹಾಸುತ್ತಾರೆ. ಹುಚ್ಚು ಅನ್ನಿ ಬೇಕಾದರೆ. ಆದರೆ ಸ್ವಂತ ಹುಚ್ಚು, ಉಗುರಿನ ಸಂದಿಯಲ್ಲಿ ಗ್ರೀಸ್ ಇರುವ ಹುಚ್ಚು. ನಮ್ಮದು ಚದರ ಅಡಿ ಲೆಕ್ಕದಲ್ಲಿ ಕೊಂಡ ಹುಚ್ಚು, ಜಿಎಸ್‌ಟಿ ಸೇರಿಸಿ.

ಕೊಂಡದ್ದಾದರೂ ಸರಿ ಇತ್ತಾ? ಇಲ್ಲ ಮಾರಾಯ್ರೆ. ಪುಟಾಣಿ ರೈಲಿನಲ್ಲಿ ಎರಡು ಜಾತಿ ಉಂಟು. ಬ್ರಿಟನ್ನಿನಲ್ಲಿ ಏಳೂಕಾಲು ಇಂಚು. ಅಮೆರಿಕದಲ್ಲಿ ಕೆಲವು ಕಡೆ ಏಳೂಕಾಲು, ಪಶ್ಚಿಮದ ಕಡೆ ಏಳೂವರೆ. ನಮ್ಮ ಬಿಲ್ಡರ್ ಹಳಿಯನ್ನು ಏಳೂವರೆಗೆ ಹಾಸಿ, ಎಂಜಿನ್ನನ್ನು ಏಳೂಕಾಲಿನದ್ದು ತರಿಸಿದ. ಉದ್ಘಾಟನೆಯ ದಿನ ತೆಂಗಿನಕಾಯಿ ಒಡೆದರು, ಚೆಂಡೆ ಹೊಡೆದರು, ರಿಬ್ಬನ್ ಕತ್ತರಿಸಿದರು. ಎಂಜಿನ್ ಎರಡು ಅಡಿ ಹೋಯಿತು. ಆಮೇಲೆ ಎಮ್ಮೆ ಕೆಸರಿನಲ್ಲಿ ಕೂತ ಹಾಗೆ ಎರಡು ಹಳಿಯ ನಡುವೆ ಮೆಲ್ಲ ಕೂತುಬಿಟ್ಟಿತು. ಚೆಂಡೆಯವರಿಗೆ ಅದೇನಂತ ಗೊತ್ತಾಗದೆ ಇನ್ನೂ ಜೋರಾಗಿ ಹೊಡೆದರು.

ಕಾಲು ಇಂಚು ಅಂದರೆ ಆರು ಚಿಲ್ಲರೆ ಮಿಲಿಮೀಟರ್. ಗೇಜು ಅಂದರೆ ಎರಡು ಹಳಿಗಳ ನಡುವಿನ ಅಂತರ, ಅದರ ವಿಷಯದಲ್ಲಿ ಕರಾವಳಿಯವರಿಗೆ ಅನುಭವ ಕಡಿಮೆಯೇನಲ್ಲ. ಮಂಗಳೂರು-ಹಾಸನ ಮೀಟರ್‌ಗೇಜನ್ನು ಬ್ರಾಡ್‌ಗೇಜ್ ಮಾಡುತ್ತೇವೆ ಅಂತ 1996ರಲ್ಲಿ ನಿಲ್ಲಿಸಿದ ಪ್ಯಾಸೆಂಜರ್ ರೈಲು ಪುನಃ ಓಡಿದ್ದು 2007ರ ಡಿಸೆಂಬರಿನಲ್ಲಿ. 1000 ಮಿಲಿಮೀಟರನ್ನು 1676 ಮಾಡಲು ಹನ್ನೊಂದು ವರ್ಷ. ಆದರೆ ಅಲ್ಲಿ ಘಾಟಿ ಇತ್ತು, 57 ಸುರಂಗ ಇತ್ತು. ನಾನು ಕೂತು ತ್ರೈರಾಶಿ ಹಾಕಿದೆ. 676 ಮಿಲಿಮೀಟರಿಗೆ ಹನ್ನೊಂದು ವರ್ಷ ಆದರೆ ನಮ್ಮ ಕಾಲು ಇಂಚಿಗೆ 38 ದಿನ ಬಂತು. ನಾವು ತಕೊಂಡದ್ದು ಹದಿನಾಲ್ಕು ತಿಂಗಳು. ಅಷ್ಟರಲ್ಲಿ ಅಸೋಸಿಯೇಷನ್ ಎರಡು ಪಕ್ಷ ಆಯಿತು. ಹಳಿ ಕಿರಿದು ಮಾಡುವವರು ಒಂದು ಕಡೆ, ಎಂಜಿನ್ ಅಗಲ ಮಾಡುವವರು ಇನ್ನೊಂದು ಕಡೆ. ಕಾಲು ಇಂಚಿನ ಮೇಲೆ ಎರಡು ಮನೆಯ ಮದುವೆ ಮಾತುಕತೆ ಮುರಿದು ಬಿತ್ತು. ಹುಡುಗ ಹುಡುಗಿ ಇಬ್ಬರಿಗೂ ಗೇಜು ಅಂದರೆ ಎಂಥದೆಂದು ಗೊತ್ತಿಲ್ಲ.

ಕೊನೆಗೆ ಏಳೂವರೆಯ ಎಂಜಿನ್ನೇ ಬಂತು. ಹದಿಮೂರನೇ ನಂಬರಿನ ಭಟ್ಟರು ಆವತ್ತೇ ಹೇಳಿದ್ದರು, "ಏಳೂವರೆ ಬೇಡ. ಏಳೂವರೆ ಅಂದರೆ ಶನಿ ಅಲ್ವಾ?" ಯಾರೂ ಕೇಳಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಆಟ ಅನ್ನಬಹುದಿತ್ತು. ಕದ್ರಿ ಪಾರ್ಕಿನ ಪುಟಾಣಿ ರೈಲಿನಲ್ಲಿ ನಾವೂ ಕೂತವರೇ. ಒಂದು ಸುತ್ತು ಹೋಗಿ ಇಳಿಯುತ್ತಿದ್ದೆವು. ಇಳಿದು ಐಸ್‌ಕ್ರೀಮ್ ಕೇಳುತ್ತಿದ್ದೆವು, ಹುದ್ದೆ ಕೇಳುತ್ತಿರಲಿಲ್ಲ. ಇಲ್ಲಿ ರೈಲು ಓಡುವ ಮೊದಲೇ ಹುದ್ದೆ ಹಂಚಿ ಆಗಿತ್ತು. ನಮ್ಮ ಜಿಲ್ಲೆಯಲ್ಲಿ ಕಣ್ಣು ಮುಚ್ಚಿ ಕಲ್ಲು ಎಸೆದರೆ ಒಬ್ಬ ರಿಟೈರ್ಡ್ ಬ್ಯಾಂಕ್ ಮ್ಯಾನೇಜರಿಗೆ ತಾಗುತ್ತದೆ. ಅವರ ಬ್ಯಾಂಕುಗಳೂ 2020ರಲ್ಲಿ ಬೇರೆ ಬ್ಯಾಂಕಿನ ಹೊಟ್ಟೆ ಸೇರಿದವು. ಸಹಿ ಹಾಕಿ ಹಾಕಿ ಅಭ್ಯಾಸ ಆದ ಕೈ, ಸುಮ್ನೆ ಎಷ್ಟು ದಿನ ಇರುತ್ತದೆ? ಹೀಗೆ 840 ಮೀಟರ್ ಹಳಿಗೆ ಒಬ್ಬ ಜನರಲ್ ಮ್ಯಾನೇಜರ್, ಇಬ್ಬರು ಸ್ಟೇಷನ್ ಮಾಸ್ಟರ್, ಸುರಕ್ಷತೆಗೆ ಒಬ್ಬರು, ಶಿಸ್ತಿಗೆ ಒಬ್ಬರು. ಗ್ಯಾಂಗ್‌ಮನ್ ಆಗಲು ಮಾತ್ರ ಯಾರೂ ಮುಂದೆ ಬರಲಿಲ್ಲ. ಹಳಿಯ ಮೇಲಿನ ಹಲಸಿನ ಎಲೆ ಗುಡಿಸುವುದು ಈಗಲೂ ಉತ್ತರ ಕರ್ನಾಟಕದಿಂದ ಬಂದ ಮಾಲಿ. ಅವನನ್ನು ರೈಲಿನಲ್ಲಿ ಇವತ್ತಿನವರೆಗೆ ಕೂರಿಸಿಲ್ಲ.

ಮಂಗಳೂರು ಒಂದೇ ಊರಾದರೂ ರೈಲ್ವೆ ಲೆಕ್ಕದಲ್ಲಿ ಪಾಲಕ್ಕಾಡ್, ಮೈಸೂರು, ಕೊಂಕಣ ಅಂತ ಮೂರು ಪಾಲು. ಅದನ್ನು ದಶಕಗಟ್ಟಲೆ ಬೈದವರು ನಾವೇ. ಅದೇ ನಾವು ಲೇಔಟಿಗೆ ಎ, ಬಿ, ಸಿ ಅಂತ ಮೂರು ವಲಯ ಮಾಡಿದೆವು. ಎ ವಲಯದ ಚಾಲಕರು ಬಿ ವಲಯಕ್ಕೆ ಹೋಗುವ ಹಾಗಿಲ್ಲ. ಗಡಿಯಲ್ಲಿ ರೈಲು ನಿಲ್ಲುತ್ತದೆ, ಒಬ್ಬರು ಸೊಂಟ ಹಿಡಿದುಕೊಂಡು ಏಳುತ್ತಾರೆ, ಇನ್ನೊಬ್ಬರು ಸೊಂಟ ಹಿಡಿದುಕೊಂಡು ಕೂರುತ್ತಾರೆ. ಮೀನಿನ ಅಕ್ಕ ಆರು ನಿಮಿಷ ಕಾದದ್ದು ಇದಕ್ಕೇ.

ಹುದ್ದೆಯ ಅವಧಿಯ ಜಗಳಕ್ಕೆ ಪರಿಹಾರ ಉಡುಪಿಯಲ್ಲೇ ಸಿಕ್ಕಿತು. ಪರ್ಯಾಯ ಮಾಡುವ ಅಂದರು. ಎಂಟು ಮನೆ, ಸರದಿಯಲ್ಲಿ ಎರಡೆರಡು ತಿಂಗಳು. ಮೊದಲ ಸರದಿಯವರು ಎರಡನೇ ತಿಂಗಳಲ್ಲೇ ಇತಿಹಾಸ ತೆಗೆದರು. ಮಠದಲ್ಲೂ ಮೊದಲು ಎರಡು ತಿಂಗಳೇ ಇದ್ದದ್ದು, ವಾದಿರಾಜರು ಅದನ್ನು ಎರಡು ವರ್ಷ ಮಾಡಿದರು ಅಂದರು. ಇತಿಹಾಸ ಸರಿಯೇ. ಇವರು ವಾದಿರಾಜರಲ್ಲ ಅಂತ ಹೇಳಲು ಯಾರಿಗೂ ಧೈರ್ಯ ಬರಲಿಲ್ಲ, ಅಷ್ಟೆ.

ಆಮೇಲೆ ಬಂತು ಒಪ್ಪಂದ. ಇದರ ಹಿಂದೆ ವಾಲ್ಟ್ ಡಿಸ್ನಿ ಇದ್ದಾರೆ. ಅವರು 1950ರಲ್ಲಿ ಲಾಸ್ ಏಂಜಲೀಸಿನ ತಮ್ಮ ಮನೆಯ ಹಿತ್ತಲಲ್ಲಿ ಅರ್ಧ ಮೈಲಿಯಷ್ಟು ಪುಟ್ಟ ಹಳಿ ಹಾಸಿದ್ದರು. ಹಾಸುವ ಮೊದಲು ವಕೀಲರಿಂದ ಪತ್ರ ಬರೆಸಿ, ಜಾಗದ ಮೇಲೆ ರೈಲಿಗೆ ಹಕ್ಕು ಬಿಟ್ಟುಕೊಡಿ ಅಂತ ಹೆಂಡತಿ ಮಕ್ಕಳ ಮುಂದೆ ಸಹಿಗೆ ಇಟ್ಟರು. ಹೆಂಡತಿಯ ಹೂವಿನ ಪಾತಿ ಹಾಳಾಗಬಾರದೆಂದು ಅದರ ಅಡಿಯಲ್ಲಿ 90 ಅಡಿ ಸುರಂಗ ತೋಡಿಸಿದರು. ಎಂಜಿನ್ನಿಗೂ ಹೆಂಡತಿಯದೇ ಹೆಸರು. 1953ರಲ್ಲಿ ಎಂಜಿನ್ ಮಗುಚಿ ಒಂದು ಮಗುವಿಗೆ ಬಿಸಿ ಹಬೆ ತಾಗಿತು. ಅಲ್ಲಿಗೆ ಡಿಸ್ನಿ ರೈಲು ನಿಲ್ಲಿಸಿದರು.

ನಮ್ಮ ಅಧ್ಯಕ್ಷರು ಈ ಕತೆಯಲ್ಲಿ ಸಹಿಯ ತನಕ ಮಾತ್ರ ಓದಿದ್ದಾರೆ. ಮನೆಯಲ್ಲಿ ಹೆಂಡತಿಯನ್ನು ಕೇಳುವ ಧೈರ್ಯ ಇಲ್ಲದ್ದಕ್ಕೆ ನಮ್ಮ ಅರವತ್ತು ಮನೆಯವರ ಸಹಿ ತಕೊಂಡರು. ಕಲಂ 9ರ ಪ್ರಕಾರ ಹಳಿಯಿಂದ ಮೂರು ಅಡಿಯ ಒಳಗೆ ಬಟ್ಟೆ ಒಣಗಿಸುವ ಹಾಗಿಲ್ಲ, ಹಪ್ಪಳವನ್ನೂ. ಇಲ್ಲಿ ಎಂಜಿನ್ ಮೂರು ಸಲ ಮಗುಚಿದೆ. ಮೂರು ಸಲವೂ ಸಮಿತಿ ಆಗಿದೆ.

ಸುರಂಗ ನಮ್ಮಲ್ಲೂ ಉಂಟು. ಲೇಔಟಿಗಾಗಿ ಕಡಿದದ್ದು ಇಡೀ ಮುರಕಲ್ಲಿನ ಗುಡ್ಡ. ಸುರಂಗ ಕಟ್ಟಿದ್ದು ಸಿಮೆಂಟಿನಲ್ಲಿ, ಮೇಲಿಂದ ಮುರಕಲ್ಲಿನ ಬಣ್ಣ. ಕೊಂಕಣ ರೈಲ್ವೆಯವರು ಜೂನ್‌ನಿಂದ ಅಕ್ಟೋಬರಿನ ತನಕ ಮಳೆಗಾಲದ ವೇಳಾಪಟ್ಟಿ ಹಾಕುತ್ತಾರೆ, ಗುಡ್ಡ ಜರಿಯುತ್ತದೆ, ನಿಧಾನ ಹೋಗಬೇಕು, ಅರ್ಥ ಉಂಟು. ನಮ್ಮಲ್ಲೂ ಮಳೆಗಾಲದ ವೇಳಾಪಟ್ಟಿ ಬೋರ್ಡಿಗೆ ಬಿತ್ತು. ಗಂಟೆಗೆ ಆರು ಕಿಲೋಮೀಟರ್ ಹೋಗುವುದು ಈಗ ನಾಲ್ಕು. ನಡೆದು ಹೋಗುವವರು ಹಿಂದೆ ನಿಂತು, "ಸ್ವಲ್ಪ ಸೈಡ್ ಕೊಡಿ" ಅನ್ನುತ್ತಾರೆ.

ನೀರಿನ ಕತೆ ಹೇಳಿಯೇ ಬಿಡುತ್ತೇನೆ. ಏಪ್ರಿಲ್ ಬಂತೆಂದರೆ ಬಜೆ ಅಣೆಕಟ್ಟಿನ ನೀರಿನ ಮಟ್ಟ ಇಡೀ ಉಡುಪಿಗೆ ಮಂಡೆಬಿಸಿ. ನಮಗೆ ಟ್ಯಾಂಕರೇ ಗತಿ. ಆದರೆ ಟ್ಯಾಂಕರ್ ಹಳಿಯ ಮೇಲೆ ಹೋದರೆ ಹಳಿ ಬಗ್ಗುತ್ತದಂತೆ. ಆದ್ದರಿಂದ ಟ್ಯಾಂಕರ್ ಗೇಟಿನ ಆಚೆ, ನಾವು ಕೊಡಪಾನ ಹಿಡಿದು ಈಚೆ. ಮಹಾಸಭೆಯಲ್ಲಿ ನಾನು ಎದ್ದು, ಆ ಹಳಿಯ ದುಡ್ಡಿನಲ್ಲಿ ಒಂದು ಬಾವಿ ತೋಡಬಹುದಿತ್ತಲ್ಲ ಅಂದೆ. ಸುರಕ್ಷತೆಯವರು ಎದ್ದು, ಬಾವಿ ಹಳಿಗೆ ಅಪಾಯ ಅಂದರು. ಶಿಸ್ತಿನವರು ನನ್ನ ಹೆಸರು ಬರೆದುಕೊಂಡರು. ಒಬ್ಬರು, ಇಂದ್ರಾಳಿಯ ಸೇತುವೆಗೆ ಎಷ್ಟೋ ವರ್ಷ ಕಾದಿರಿ, ನೀರಿಗೆ ಕಾಯಲಿಕ್ಕೆ ಆಗುವುದಿಲ್ಲವಾ ಅಂತ ಕೇಳಿದರು. ನ್ಯಾಯವಾದ ಪ್ರಶ್ನೆ. ನಾನು ಕೂತೆ.

ಕಳೆದ ವಾರ ಮೀನಿನ ಅಕ್ಕನೇ ದಾರಿ ತೋರಿಸಿದರು. ಗೇಟು ಬಿದ್ದಿತ್ತು. ಗಡಿಯಲ್ಲಿ ಚಾಲಕರು ಬದಲಾಗುತ್ತಾ ಇದ್ದರು, ಒಬ್ಬರು ಎದ್ದಿದ್ದರು, ಇನ್ನೊಬ್ಬರು ಕೂತಿರಲಿಲ್ಲ. ಅಕ್ಕ ಸೀದಾ ಹೋಗಿ ಬುಟ್ಟಿಯನ್ನು ಹಿಂದಿನ ಬೋಗಿಯ ಮೇಲೆ ಇಟ್ಟರು. "ನಿಮ್ಮದು ಹೇಗೂ ಎಲ್ಲ ಮನೆಯ ಎದುರು ಹೋಗ್ತದಲ್ಲ, ಹೋಗಲಿ" ಅಂದರು. ಸುರತ್ಕಲ್ಲಿನಲ್ಲಿ ಲಾರಿಗಳನ್ನೇ ರೈಲಿಗೆ ಹತ್ತಿಸಿ ಕಳಿಸುತ್ತಾರೆ, ರೋ-ರೋ ಅಂತ ಹೆಸರು. ಅದರ ಮುಂದೆ ಬಂಗುಡೆ ಯಾವ ಲೆಕ್ಕ? ರೈಲು ಹೊರಟಿತು. ಅಕ್ಕ ಪಕ್ಕದಲ್ಲಿ ಕೈ ಬೀಸಿಕೊಂಡು ನಡೆದರು. ರೈಲಿಗೆ ಯಾವತ್ತೂ ತೆರೆಯದ ಬಾಗಿಲುಗಳು ಒಂದೊಂದಾಗಿ ತೆರೆದವು. ಹೆಂಗಸರು ಪಾತ್ರೆ ಹಿಡಿದು ಹೊರಗೆ ಬಂದರು. ಭಟ್ಟರು ಮಾತ್ರ ಬಾಗಿಲು ಹಾಕಿಕೊಂಡರು.

ಮರುದಿನ ನೋಟಿಸ್ ಬಿತ್ತು. ಅನುಮತಿ ಇಲ್ಲದೆ ಸರಕು ಸಾಗಿಸಿದ್ದಕ್ಕೆ ದಂಡ 50 ರೂಪಾಯಿ. ಅದರ ಕೆಳಗೆ, ಇನ್ನು ಮುಂದೆ ಬುಟ್ಟಿಗೆ 10 ರೂಪಾಯಿ ಸಾಗಾಟ ದರ, ರಸೀದಿ ಕಡ್ಡಾಯ. ಅಕ್ಕ ದಂಡವನ್ನೂ ಕೊಡಲಿಲ್ಲ, ರಸೀದಿಯನ್ನೂ ಕೇಳಲಿಲ್ಲ. ಅಧ್ಯಕ್ಷರ ಮನೆಗೆ ನಾಲ್ಕು ಬಂಗುಡೆ ಜಾಸ್ತಿ ಹಾಕಿದರು, ಅಷ್ಟೆ.

ಈಗ ಗಂಟೆ ಹೊಡೆದರೆ ಲೇಔಟಿನ ಬೆಕ್ಕುಗಳೆಲ್ಲ ಬಂದು ಗೇಟಿನ ಹತ್ತಿರ ಸಾಲಾಗಿ ಕೂರುತ್ತವೆ. ಒಂದೂ ಹಳಿ ದಾಟುವುದಿಲ್ಲ. ಶಿಸ್ತಿನವರಿಗೆ ತುಂಬಾ ಖುಷಿಯಾಗಿದೆ.