ಸ್ಪೆಲ್ಲಿಂಗ್ ತಪ್ಪಿಲ್ಲ, ಅದು ಅವಳ ಹೆಸರು

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ನನ್ನ ಹಡಗಿನ ದಿನಗಳ ಗ್ರೀಕ್ ಕ್ಯಾಪ್ಟನ್ ಒಬ್ಬರಿದ್ದಾರೆ. ಮಗಳ ಜೊತೆ ಬೆಂಗಳೂರಿಗೆ ಬಂದಿದ್ದಾರೆ. ಹೋಟೆಲ್ ಕೌಂಟರಿನ ಹುಡುಗ ಮಗಳ ಪಾಸ್‌ಪೋರ್ಟ್ ನೋಡಿ "ಸ್ಪೆಲ್ಲಿಂಗ್ ತಪ್ಪಿದೆ" ಅಂದ. ನಾವು ಬಾಯಿ ತೆಗೆಯುವ ಮೊದಲೇ ಕಂಪ್ಯೂಟರಿನಲ್ಲಿ ಅಪ್ಪನ ಹೆಸರನ್ನೇ ಅವಳಿಗೂ ಹಾಕಿಬಿಟ್ಟ.

ತಪ್ಪಲ್ಲ ಅದು! ಗ್ರೀಕರಲ್ಲಿ ಅಪ್ಪ ಸ್ಟೆಫಾನಿದಿಸ್ ಆದರೆ ಮಗಳು ಸ್ಟೆಫಾನಿದು. ಪಾಪಡೋಪುಲೋಸ್ ಮನೆಯ ಹೆಣ್ಣು ಪಾಪಡೋಪುಲು. ಹೆಂಗಸರ ಮನೆತನದ ಹೆಸರು ಸಾಮಾನ್ಯವಾಗಿ ಷಷ್ಠಿ ವಿಭಕ್ತಿಯಲ್ಲಿರುತ್ತದೆ, ನಾವು 'ರಾಮನ' ಅನ್ನುವ ಹಾಗೆ. ಗ್ರೀಸಿನ ಟೆನಿಸ್ ಆಟಗಾರ್ತಿ ಮರಿಯಾ ಸಕ್ಕಾರಿಯನ್ನೇ ನೋಡಿ. ಅಪ್ಪ ಸಕ್ಕಾರಿಸ್, ಮಗಳು ಸಕ್ಕಾರಿ. ಅಮ್ಮ ಆಂಗೆಲಿಕಿ ಕನೆಲೊಪುಲು, ಅವರೂ ಟೆನಿಸ್ ಆಡಿದವರೇ. 1983ರ ಕಾನೂನಿನ ಪ್ರಕಾರ ಅಲ್ಲಿ ಮದುವೆಯಾದ ಮೇಲೂ ಹೆಣ್ಣಿಗೆ ತವರಿನ ಹೆಸರೇ. ಒಂದೇ ಮನೆಯಲ್ಲಿ ಮೂರು ರೂಪ, ಒಂದೂ ತಪ್ಪಲ್ಲ.

ಒಪ್ಪುತ್ತೇನೆ, ನಾನೂ ಒಮ್ಮೆ ಕ್ಯಾಪ್ಟನ್ ಹೆಂಡತಿಗೆ ಹಬ್ಬದ ಕಾರ್ಡ್ ಬರೆಯುವಾಗ ಗಂಡನ ಹೆಸರು ಅಂಟಿಸಿದ್ದೆ. ಅವರು ಬೈಯಲಿಲ್ಲ. ಕಾಫಿ ಕೊಟ್ಟು ಕೂರಿಸಿ ಹೇಳಿಕೊಟ್ಟರು. 'ಆಕಿಸ್' ಅಂತ ಮುಗಿದರೆ ಹೆಚ್ಚಾಗಿ ಕ್ರೀಟ್ ದ್ವೀಪದವರು. 'ಆಟೋಸ್' ಅಂದರೆ ಕೆಫಲೋನಿಯಾ ದ್ವೀಪದವರು. 'ಓಪುಲೋಸ್' ದಕ್ಷಿಣ ಗ್ರೀಸಿನ ಪೆಲೊಪೊನೀಸ್ ಕಡೆಯದು, ಇಂಥವನ ಮಗ ಅಂತ ಅರ್ಥ. ಪಾಪಡೋಪುಲೋಸ್ ಅಂದರೆ ಪಾದ್ರಿಯ ಮಗ.

ಕ್ಯಾಪ್ಟನ್ ಅವರದು 'ಇದಿಸ್'. ಅವರ ತಾತ ಕಪ್ಪು ಸಮುದ್ರದ ದಡದವರು. 1923ರಲ್ಲಿ ಗ್ರೀಸ್ ಮತ್ತು ಟರ್ಕಿ ಜನರನ್ನು ಅದಲುಬದಲು ಮಾಡಿಕೊಂಡವಲ್ಲ, ಆಗ ಊರು ಬಿಟ್ಟು ಗ್ರೀಸಿನ ಥೆಸಲೊನೀಕಿಗೆ ಬಂದರು. ಹಳೆಯ ಊರಲ್ಲಿದ್ದಾಗ ಹೆಸರಿನ ಕೊನೆಗೆ 'ಓಗ್ಲು' ಇತ್ತು. ತುರ್ಕಿಯಲ್ಲಿ ಹಾಗಂದರೆ ಮಗ. ಗ್ರೀಸಿಗೆ ಬಂದ ಮೇಲೆ 'ಇದಿಸ್' ಮಾಡಿಕೊಂಡರು. ಅದರ ಅರ್ಥವೂ ಮಗನೇ. ಪ್ರಾಚೀನ ಗ್ರೀಕ್ ಕವಿ ಹೋಮರನ ಕಾವ್ಯದಲ್ಲಿ ವೀರ ಅಕಿಲೀಸನನ್ನು ಪೆಲೆಯುಸನ ಮಗ ಅಂತ ಕರೆಯುವುದೂ ಇದೇ ಪ್ರತ್ಯಯದಿಂದ. ಆದರೆ ಆ ಹೆಸರನ್ನು ತಾತ ತಾವೇ ಬದಲಿಸಿಕೊಂಡರು. ಕೌಂಟರಿನಲ್ಲಿ ಕೂತ ಯಾರೋ ಬದಲಿಸಲಿಲ್ಲ.

"ಒಂದೆರಡು ಅಕ್ಷರಕ್ಕೆ ಇಷ್ಟು ರಂಪ ಯಾಕೆ, ಕಂಪ್ಯೂಟರಿನಲ್ಲಿ ತಾಳೆಯಾಗಬೇಕಲ್ವಾ" ಅಂತ ತಮ್ಮ ಹೇಳಿದ. ತಾಳೆ ನೋಡಬೇಕಾದ್ದು ಪಾಸ್‌ಪೋರ್ಟ್ ಜೊತೆ, ಅಪ್ಪನ ಜೊತೆ ಅಲ್ಲ. ಕೇಳಿದ್ದರೆ ಅರ್ಧ ನಿಮಿಷದಲ್ಲಿ ಅವಳೇ ಹೇಳುತ್ತಿದ್ದಳು.

ಅವಳು ಏನೂ ಮಾತಾಡಲಿಲ್ಲ. ರೂಮಿನ ಕೀ ಕಾರ್ಡ್ ಕೊಟ್ಟಿದ್ದ ಕವರಿನ ಮೇಲೆ ಕೊನೆಯ ಅಕ್ಷರಗಳನ್ನು ಹೊಡೆದು, ಪೆನ್ನಿನಲ್ಲಿ ತನ್ನದನ್ನು ಬರೆದುಕೊಂಡಳು. ನಾಡಿದ್ದು ಬಿಲ್ ಕೊಡುತ್ತಾರೆ. ಅದರಲ್ಲಿ ಸರಿಯಾದ ಹೆಸರು ಬರುವವರೆಗೆ ನಾನು ಆ ಕೌಂಟರ್ ಬಿಟ್ಟು ಕದಲುವುದಿಲ್ಲ.