ರಂಗಭೂಮಿಗೆ ಒಂದೇ ಸಾಲು ಸಾಲದು

ಅಮೆರಿಕದ ಕಪ್ಪು ಗಾಯಕ, ನಟ ಪಾಲ್ ರೋಬ್ಸನ್ ಅವರ ಹಾಡು, ಸಿನಿಮಾಗಳ ಬಗ್ಗೆ ನೀವು ಪ್ರಕಟಿಸಿದ ಲೇಖನ ಚೆನ್ನಾಗಿದೆ. ಆದರೆ ಅವರ ರಂಗಭೂಮಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಬೇಸರವಾಯಿತು. ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಆಡುತ್ತಿದ್ದ ಶೇಕ್ಸ್‌ಪಿಯರನ ಕಪ್ಪು ನಾಯಕ ಒಥೆಲೊ ಪಾತ್ರವನ್ನು 1943ರಲ್ಲಿ ನ್ಯೂಯಾರ್ಕಿನ ರಂಗಮಂದಿರಗಳ ಕೇಂದ್ರವಾದ ಬ್ರಾಡ್‌ವೇಯಲ್ಲಿ ಅವರು ಮಾಡಿದರು. ಆ ನಾಟಕ 296 ಪ್ರದರ್ಶನ ಕಂಡಿತು; ಶೇಕ್ಸ್‌ಪಿಯರನ ಬೇರಾವ ನಾಟಕವೂ ಅಲ್ಲಿ ಅಷ್ಟು ಓಡಿರಲಿಲ್ಲ.

ರಾಜಕೀಯ ನಿಲುವಿನ ಕಾರಣಕ್ಕೆ 1950ರಲ್ಲಿ ಅಮೆರಿಕ ಸರ್ಕಾರ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಿತು. ಅದು ಕೈಗೆ ಬಂದದ್ದು 1958ರಲ್ಲಿ. ಎಂಥ ಕಲಾವಿದನ ಎಂಟು ವರ್ಷ ಹಾಳಾಯಿತು ನೋಡಿ! ಆದರೂ 1957ರಲ್ಲಿ ನ್ಯೂಯಾರ್ಕಿನಲ್ಲೇ ಕೂತು, ಸಮುದ್ರದಡಿಯ ಟೆಲಿಫೋನ್ ತಂತಿಯ ಮೂಲಕ ಬ್ರಿಟನ್ನಿನ ವೇಲ್ಸ್‌ನ ಗಣಿ ಕಾರ್ಮಿಕರಿಗೆ ಹಾಡಿದರು. 1940ರ ಸಿನಿಮಾವೊಂದರಲ್ಲಿ ರೋಬ್ಸನ್ ಆ ಗಣಿ ಕಾರ್ಮಿಕರ ಜೊತೆಗಾರನ ಪಾತ್ರ ಮಾಡಿದ್ದರಲ್ಲ, ಅದನ್ನು ಆ ಜನ ಮರೆತಿರಲಿಲ್ಲ. ಆ ಕಡೆಯಿಂದ ಅವರೂ ತಿರುಗಿ ಹಾಡಿದರು. ಇದನ್ನು ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.