ಮುಂಜಾನಿ ತಂದ ಕೊಡ್ತೀವ್ರಿ

ಶ್ರಾವಣ ಬಂತೆಂದರೆ ನಮ್ಮ ಮನೆಯ ಹಾರ್ಮೋನಿಯಂ ನಮ್ಮ ಮನೆಯಲ್ಲಿ ಇರುವುದಿಲ್ಲ. ಬೆಳಗಾವಿ ಜಿಲ್ಲೆಯ ರಾಯಬಾಗದ ಸುತ್ತಮುತ್ತ ಯಾವ ಊರಿಗೆ ಹೋದರೂ ಆ ತಿಂಗಳು ಮಠದಲ್ಲಿ ಪುರಾಣ, ಗುಡಿಯಲ್ಲಿ ಭಜನೆ, ಎಲ್ಲೋ ಒಂದು ಕಡೆ ಸಪ್ತಾಹ. ಪುರಾಣ ಹೇಳುವವರು ಸಿಗುತ್ತಾರೆ, ಹಾಡುವವರು ಸಿಗುತ್ತಾರೆ, ತಬಲಾ ಬಾರಿಸುವ ಹುಡುಗನೂ ಸಿಗುತ್ತಾನೆ. ಪೇಟಿ ಸಿಗುವುದಿಲ್ಲ. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಅಂತಲೇ ಅನ್ನುವುದು. ಆಗ ಕಟ್ಟೆಯ ಮೇಲೆ ಕೂತ ಯಾರೋ ಒಬ್ಬರು ಹೇಳುತ್ತಾರೆ, "ಸರ ಮನ್ಯಾಗ ಒಂದ ಐತೆಲ್ಲ." ಆ ಸರ ಅಂದರೆ ಸಾಲಿ ಮಾಸ್ತರ, ನಾನೇ.

ಸಂಜೆ ಇಬ್ಬರು ಬೈಕ್ ಮೇಲೆ ಬರುತ್ತಾರೆ. ಯಾವಾಗಲೂ ಇಬ್ಬರೇ. ಒಬ್ಬ ಓಡಿಸಲಿಕ್ಕೆ, ಒಬ್ಬ ಪೇಟಿ ಹಿಡಿಯಲಿಕ್ಕೆ. ಅಂದರೆ ನಾನು ಇಲ್ಲ ಅನ್ನುವುದಿಲ್ಲ ಎಂದು ಮೊದಲೇ ಲೆಕ್ಕ ಹಾಕಿ ಬಂದಿರುತ್ತಾರೆ. ಚಹಾ ಕುಡಿಯುತ್ತಾರೆ. ಮಳೆ ಬೆಳೆ ಮಾತಾಡುತ್ತಾರೆ. ಕಬ್ಬಿನ ಬಿಲ್ ಬಂತಾ ಅಂತ ನನ್ನನ್ನೇ ಕೇಳುತ್ತಾರೆ, ನನಗೆ ಕಬ್ಬೂ ಇಲ್ಲ, ಹೊಲವೂ ಇಲ್ಲ. ಏಳುವಾಗ ಮಾತು ಬರುತ್ತದೆ. "ಸರ, ಒಂದ ರಾತ್ರಿ ಪೇಟಿ ಬೇಕಾಗಿತ್ರಿ. ಮುಂಜಾನಿ ತಂದ ಕೊಡ್ತೀವ್ರಿ."

ಯಾವ ದಿನದ ಮುಂಜಾನೆ ಅಂತ ಅವರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ಈ ಪೇಟಿ ನಾನು ತಂದದ್ದು 1994ರಲ್ಲಿ. ಸಾಲಿ ಮಾಸ್ತರಿಕೆಯಲ್ಲಿ ಬಾಕಿ ಪಗಾರ ಒಮ್ಮೆಲೇ ಕೈಗೆ ಬಂದಿತ್ತು. ಮನೆಯಲ್ಲಿ ಎಲ್ಲರೂ ತಿಜೋರಿ ತರೋಣ ಅಂದರು. ನಾನು ರೈಲು ಹತ್ತಿ ಮಹಾರಾಷ್ಟ್ರದ ಮಿರಜಕ್ಕೆ ಹೋಗಿ ಮೂರೂವರೆ ಸಾವಿರ ಕೊಟ್ಟು ಪೇಟಿ ತಂದೆ. ದನಿ ಹೊರಡಿಸುವ ರೀಡು ಎರಡು ಸಾಲು, ತಗ್ಗಿನ ದನಿಯ ಖರ್ಜ ಮತ್ತು ಅದಕ್ಕಿಂತ ಮೇಲಿನ ನರ. ಒಂದೇ ಒಂದು ಊನ ಇತ್ತು. ನಡುವಿನ ಸಪ್ತಕದ ಕರಿ ಮೂರನೇ ಪಟ್ಟಿ ಮಳೆಗಾಲದಲ್ಲಿ ಒತ್ತಿದರೆ ಕೆಳಗೇ ಕೂತುಬಿಡುತ್ತಿತ್ತು. ಕಟ್ಟಿಗೆ ಉಬ್ಬಿ ಪಕ್ಕದ ಪಟ್ಟಿಗೆ ತಾಗುತ್ತದೆ, ಅಷ್ಟೇ. ಆದರೆ ಪಟ್ಟಿ ಮೇಲೆ ಬರದಿದ್ದರೆ ಗಾಳಿ ತುಂಬುವ ತಿದಿ ಒತ್ತುತ್ತಿರುವಷ್ಟು ಹೊತ್ತೂ ಆ ಸ್ವರ ಕುಂಯ್ ಅಂತ ಕೂಗುತ್ತಲೇ ಇರುತ್ತದೆ. ಕರಿ ಒಂದನ್ನು, ಅಂದರೆ ಮೊದಲ ಕರಿ ಪಟ್ಟಿಯನ್ನು, ಷಡ್ಜ ಮಾಡಿಕೊಂಡು ಹಾಡುವವರಿಗೆ ಅದು ಮಧ್ಯಮ, ಕರಿ ಎರಡರವರಿಗೆ ಕೋಮಲ ಗಾಂಧಾರ. ನಮ್ಮ ಕಡೆಯ ಗಂಡಸರು ಮುಕ್ಕಾಲುಪಾಲು ಈ ಎರಡರಲ್ಲೇ ಹಾಡುವುದು. ಹಾಗಾಗಿ ಆ ಪಟ್ಟಿಯನ್ನು ಒತ್ತಿದ ಮೇಲೆ ಉಗುರಿನಿಂದ ಸ್ವಲ್ಪ ಎತ್ತಿಬಿಡುವುದನ್ನು ರೂಢಿ ಮಾಡಿಕೊಂಡೆ. ಒತ್ತು, ಎತ್ತು. ಒತ್ತು, ಎತ್ತು.

ಪೇಟಿ ಊರೂರು ತಿರುಗಿದ ಮೇಲೆ ಈ ರೂಢಿಯೂ ತಿರುಗಿತು. ಒಮ್ಮೆ ಚಿಂಚಲಿ ರಸ್ತೆಯ ಒಂದು ಗುಡಿಯಲ್ಲಿ ಭಜನೆ ಕೇಳುತ್ತಾ ಹಿಂದೆ ಕೂತಿದ್ದೆ. ಬಾರಿಸುವವನು ಹೊಸ ಹುಡುಗ. ಅವನ ಬದಿಗಿದ್ದ ಮುದುಕರು ಕಿವಿಯಲ್ಲಿ ಹೇಳುತ್ತಿದ್ದರು, "ಇದು ಸರ ಪೇಟಿ, ತಮ್ಮಾ. ಕರಿ ಮೂರು ಎತ್ತಿ ಬಾರಸ್ಬೇಕು." ಆ ಮುದುಕರ ಪರಿಚಯ ನನಗಿರಲಿಲ್ಲ.

ಕೊಡುವುದರಲ್ಲಿ ನನ್ನದೊಂದು ತಕರಾರಿದೆ. ನಮ್ಮ ಊರುಗಳಲ್ಲಿ ನಾಟಕ ಮಾಡುವಾಗ ಪರದೆ ಬಾಡಿಗೆಗೆ ತರುತ್ತಾರೆ. ಕಿರೀಟ, ಗದೆ, ಮೀಸೆ ಬಾಡಿಗೆಗೆ. ಲೈಟು, ಜನರೇಟರ್, ಕುರ್ಚಿ, ಎಲ್ಲಕ್ಕೂ ಮುಂಗಡ ಕೊಟ್ಟು ಚೀಟಿ ಬರೆಸುತ್ತಾರೆ. ಪೇಟಿ ಮಾತ್ರ ಕೈಗಡ. ಪೇಟಿಗೆ ದುಡ್ಡು ಕೊಡಬೇಕು ಅಂತ ಯಾರ ತಲೆಗೂ ಹೊಳೆಯುವುದಿಲ್ಲ. ಹೊಳೆದು ಕೊಡಲಿಕ್ಕೆ ಬಂದರೆ ನಾನು ಇಸ್ಕೊಳ್ಳುತ್ತೇನಾ? ಇಲ್ಲ. ಅದೂ ಅವರಿಗೆ ಗೊತ್ತು.

ಒಮ್ಮೆ ಧೈರ್ಯ ಮಾಡಿ ಸುಳ್ಳು ಹೇಳಿದೆ. ಬಾಗಿಲಲ್ಲಿ ನಿಂತ ಹುಡುಗನಿಗೆ, "ಪೇಟಿ ಇಲ್ಲಪಾ, ಯಾರೋ ಒಯ್ದಾರ, ಇನ್ನೂ ತಂದಿಲ್ಲ" ಅಂದೆ.

"ಹೌದ್ರಿ ಸರ, ನಾನs ಒಯ್ದಿದ್ದೆರಿ. ನಿನ್ನಿ ತಂದೇನಲ್ರಿ. ನೀವು ಇದ್ದಿಲ್ರಿ, ಕಾಕೂನ ಕೈಯಾಗ ಕೊಟ್ಟ ಹೋದ್ನಿರಿ."

ಒಳಗಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಪೇಟಿ ಮತ್ತೆ ಬೈಕ್ ಹತ್ತಿತು.

ಹೋದ ವಾದ್ಯ ತಿರುಗಿ ಬರುತ್ತದೆ, ಅದರಲ್ಲಿ ಅನುಮಾನ ಇಲ್ಲ. ಬರದೇ ಇರುವುದು ಅದರ ಜೊತೆ ಹೋದ ಸಣ್ಣಪುಟ್ಟ ಸಾಮಾನು. ತಬಲಾದ ಸುತ್ತಿಗೆ ನಾನು ಇಲ್ಲಿವರೆಗೆ ಏಳು ಕೊಂಡಿದ್ದೇನೆ. ಅಂಗೈ ಉದ್ದದ ಸುತ್ತಿಗೆ, ತಬಲಾದ ಬದಿಗಿರುವ ಕಟ್ಟಿಗೆ ಗಟ್ಟೆ ಮೇಲೆ ಕೆಳಗೆ ಸರಿಸಿ ಶ್ರುತಿ ಕೂಡಿಸಲಿಕ್ಕೆ. ಆದರೆ ಮಂದಿಯ ಕೈಗೆ ಹೋದರೆ ಅದರಿಂದ ಕಾಯಿ ಒಡೆಯಬಹುದು, ಮಂಟಪಕ್ಕೆ ಮೊಳೆ ಹೊಡೆಯಬಹುದು, ಬೆಲ್ಲ ಕುಟ್ಟಬಹುದು. ಅದು ಹೊರಟ ಕೂಡಲೇ ತಾನು ವಾದ್ಯದ ಕಡೆಯದು ಅನ್ನುವುದನ್ನೇ ಮರೆಯುತ್ತದೆ. ತಬಲಾದ ಜೋಡಿ ಡಗ್ಗಾದ ಕೆಳಗಿಡುವ ಸಿಂಬಿಯದೂ ಅದೇ ಕತೆ. ಈಗ ಹೆಂಡತಿಯ ಹಳೇ ಇಲಕಲ್ ಸೀರೆ ಸುತ್ತಿ ಸಿಂಬಿ ಮಾಡಿಟ್ಟಿದ್ದೇನೆ. ಕೊಡುವಾಗ ಅವಳಿಗೆ ತೋರಿಸುವುದಿಲ್ಲ.

ತಾಳದ್ದು ಇನ್ನೂ ಮೋಜಿನದು. ನಮ್ಮ ಮನೆಯಲ್ಲಿ ಒಂದು ಜೋಡಿ ತಾಳ ಇದೆ. ಜೋಡಿ ಅಂತ ಹೇಳುವುದು, ಆದರೆ ಒಂದು ನನ್ನದು, ಇನ್ನೊಂದು ಯಾರದೋ. ಯಾವುದೋ ಸಪ್ತಾಹದಲ್ಲಿ ಎರಡು ಮೇಳದ ತಾಳ ಅದಲು ಬದಲಾಗಿವೆ. ಹೊಡೆದರೆ ಒಂದು ತುಸು ಮೇಲೆ, ಒಂದು ತುಸು ಕೆಳಗೆ, ನಡುವೆ ಅಲೆ ಅಲೆಯಾಗಿ ಒಂದು ನಡುಕ. ಮೊದಲು ಕಿವಿಗೆ ಚುಚ್ಚುತ್ತಿತ್ತು. ಆ ಇನ್ನೊಂದು ಊರಿನಲ್ಲೂ ಇದೇ ಕಸಿವಿಸಿ ನಡೆದಿರಬೇಕಲ್ವಾ? ಅವರು ಬಂದು ಕೇಳಿಲ್ಲ. ನಾನೂ ಹುಡುಕಿಕೊಂಡು ಹೋಗಿಲ್ಲ.

ತಬಲಾ ಕೊಡುವುದು ನನಗೆ ಮನಸ್ಸಿಲ್ಲದ ಕೆಲಸ. ಪೇಟಿಗೆ ಎಲ್ಲ ಪಟ್ಟಿಯೂ ಒಂದೇ, ಯಾರು ಎಲ್ಲಿ ಬೇಕಾದರೂ ಷಡ್ಜ ಇಟ್ಟುಕೊಳ್ಳಬಹುದು. ತಬಲಾ ಹಾಗಲ್ಲ. ಬಾಯಿ ದೊಡ್ಡದಿದ್ದರೆ ಕೆಳಗಿನ ಶ್ರುತಿ, ಸಣ್ಣದಿದ್ದರೆ ಮೇಲಿನದು. ನನ್ನದು ಕರಿ ಒಂದಕ್ಕೆ ಕೂಡುವ ತಬಲಾ. ಹೆಣ್ಣುಮಗಳೊಬ್ಬಳು ಕರಿ ನಾಲ್ಕರಲ್ಲಿ ಹಾಡಿದರೆ ಬಾರಿಸುವವನು ಏನು ಮಾಡುತ್ತಾನೆ? ಏರಿಸು, ಇನ್ನೂ ಏರಿಸು ಅಂತ ಅಂಚಿನ ಹೆಣಿಗೆ ಗಜ್ರಾದ ಮೇಲೆ ಬಡಿಯುತ್ತಾನೆ. ಚರ್ಮ ಎಷ್ಟು ಅಂತ ತಡೆದೀತು? ಅಂಚಿನಲ್ಲಿ ಹರಿಯುತ್ತದೆ. ಇನ್ನು ಕೆಲವರು ನಡುವಿನ ಕರಿ ಶಾಯಿಯ ಮೇಲೆ ಢೋಲಿಗೆ ಹೊಡೆದ ಹಾಗೆ ಹೊಡೆಯುತ್ತಾರೆ. ಅದು ಹಪ್ಪಳದ ಹಾಗೆ ಬಿರಿದು ಪುಡಿಪುಡಿಯಾಗಿ ಏಳುತ್ತದೆ. ಹಾಗಾಗಿ ತಬಲಾ ಕೇಳಿದರೆ ಮೊದಲು, "ಯಾವ ಪಟ್ಟೀಲೆ ಹಾಡ್ತಾರ?" ಅಂತ ಕೇಳುತ್ತೇನೆ. ಗೊತ್ತಿಲ್ಲ ಅಂದರೆ ಕೊಡುವುದಿಲ್ಲ. ಮೈಕಿಗೆ ಅಂಥ ಪರೀಕ್ಷೆ ಇಲ್ಲ. ಹೇಗೂ ಮುಂದಿನ ಜಾಳಿಗೆ ತಗ್ಗು ಬಿದ್ದೇ ಬರುತ್ತದೆ.

ಚಿಂಚಲಿ ಮಾಯಕ್ಕನ ಜಾತ್ರೆ ಭಾರತ ಹುಣ್ಣಿಮೆಗೆ. ಮಹಾರಾಷ್ಟ್ರದಿಂದಲೂ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಒಂದು ವರ್ಷ ಆ ಜಾತ್ರೆಗೆ ಪೇಟಿ ಹೋಗಿತ್ತು. ಮೂರು ದಿನ ಬಿಟ್ಟು ಬಂತು. ಮುಟ್ಟಿದರೆ ಕೈ ಹಳದಿ. ಅಲ್ಲಿ ಭಂಡಾರ ಹಾರಿಸುವುದು ನಿಮಗೆ ಗೊತ್ತಲ್ಲ, ಮುಷ್ಟಿ ಮುಷ್ಟಿ ಅರಿಶಿನಪುಡಿ ಆಕಾಶಕ್ಕೆ ಹೋಗಿ ಎಲ್ಲರ ತಲೆ ಮೇಲೆ ಇಳಿಯುತ್ತದೆ. ಪೇಟಿಯ ಮೇಲೂ ಇಳಿದಿತ್ತು. ಬಾರಿಸಿದರೆ ಬಿಳಿ ಎರಡು ಮಾತಾಡಲೊಲ್ಲದು. ತಿದಿ ಒತ್ತಿದರೆ ಬರೀ ಗಾಳಿ, ಮೂಗು ಕಟ್ಟಿದವರು ಉಸಿರಾಡಿದ ಹಾಗೆ.

ಮೇಲಿನ ಹಲಗೆ ಬಿಚ್ಚಿದೆ. ಪಟ್ಟಿಗಳ ಸಂದಿಯಲ್ಲಿ ಗೆರೆ ಗೆರೆಯಾಗಿ ಹಳದಿ ಕೂತಿತ್ತು, ಯಾರೋ ರಂಗೋಲಿ ಹಾಕಿದಂತೆ. ಒತ್ತಿದಾಗ ತೂತು ತೆರೆದು ಪುಡಿ ಕೆಳಗೆ ರೀಡಿನ ಮೇಲೆ ಬಿದ್ದಿದೆ. ರೀಡು ಅಂದರೆ ಹಿತ್ತಾಳೆ ತಗಡಿನ ಸೀಳಿನಲ್ಲಿ ಹಿತ್ತಾಳೆಯದೇ ಒಂದು ತೆಳು ನಾಲಿಗೆ. ನಾಲಿಗೆಗೂ ಸೀಳಿಗೂ ನಡುವೆ ಕೂದಲೆಳೆಯಷ್ಟು ಜಾಗ. ಅಲ್ಲಿ ಒಂದು ಕಣ ಸಿಕ್ಕಿದರೂ ನಾಲಿಗೆ ಆಡುವುದಿಲ್ಲ. ಹಳೇ ಪೋಸ್ಟ್ ಕಾರ್ಡ್ ಸೀಳಿ, ನಾಲಿಗೆಯ ಕೆಳಗೆ ಮೆಲ್ಲಗೆ ತೂರಿಸಿ ಎಳೆದೆ. ಕಾರ್ಡಿನ ಅಂಚಿಗೆ ಹಳದಿ ಹತ್ತಿ ಬಂತು. ಊದಿದೆ. ರೀಡು ಕೂಗಿತು. ಆ ಹೊತ್ತಿಗೆ ಕಾಯಿ ಹೋಳು ಹಿಡಿದು ಪಕ್ಕದಲ್ಲಿ ನಿಂತಿದ್ದ ಹೆಂಡತಿ ಅಂದಳು, "ತಾಯಿ ಭಂಡಾರ ಅದು. ಊದಿ ಚೆಲ್ಲಬ್ಯಾಡ್ರಿ, ಹಣಿಗೆ ಹಚ್ಚಕೋರಿ." ಹಚ್ಚಿಕೊಂಡೆ. ಇವತ್ತಿಗೂ ಬಿಸಿಲು ಕಾಲದಲ್ಲಿ ತಿದಿ ಜೋರಾಗಿ ಒತ್ತಿದರೆ ಪೇಟಿಯ ಒಳಗಿಂದ ಅರಿಶಿನದ ವಾಸನೆ ಬರುತ್ತದೆ.

ಹಾಗೆ ನೋಡಿದರೆ ಪೇಟಿಯೇ ಇಸ್ಕೊಂಡ ಮಾಲು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಎಂಬಾತ 1842ರಲ್ಲಿ ಅದಕ್ಕೆ ಪೇಟೆಂಟ್ ತೆಗೆದುಕೊಂಡ. ಕುರ್ಚಿ ಮೇಲೆ ಕೂತು, ಕಾಲಿನಿಂದ ತುಳಿದು ಬಾರಿಸುವ ವಾದ್ಯ. ಹಡಗು ಹತ್ತಿ ಈ ಕಡೆ ಬಂತು. 1875ರ ಸುಮಾರಿಗೆ ಕೋಲ್ಕತ್ತಾದ ದ್ವಾರಕಾನಾಥ ಘೋಷ್ ಅದರ ಕಾಲು ತೆಗೆದು, ತಿದಿಯನ್ನು ಬೆನ್ನಿಗೆ ಕಟ್ಟಿ, ನಮ್ಮ ಹಾಗೆ ಚಕ್ಕಳಮಕ್ಕಳ ಹಾಕಿ ಕೂರುವವರಿಗೆ ಹೊಂದಿಸಿದರು. ಅಂದಿನಿಂದ ನಮ್ಮ ಹತ್ತಿರವೇ ಇದೆ. ಅವರು ಕೇಳಲಿಲ್ಲ, ನಾವು ಕೊಡಲಿಲ್ಲ. ಆಕಾಶವಾಣಿಯವರು 1940ರಿಂದ 1971ರವರೆಗೆ ಇದನ್ನು ಒಳಗೆ ಬಿಡಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಬರುವುದಿಲ್ಲ, ನಮ್ಮ ಶ್ರುತಿಗಳು ಇದರಲ್ಲಿ ಇಲ್ಲ ಅಂತ ವಾದ. ವಾದ ತಪ್ಪೇನಲ್ಲ. ಆದರೆ ನಮ್ಮ ಭಜನೆ ಮೇಳದವರಿಗೆ ಆ ಸುದ್ದಿ ಮುಟ್ಟಲೇ ಇಲ್ಲ. ಶ್ರೀಕೃಷ್ಣ ಪಾರಿಜಾತದ ಆಟ ಆಡುವ ಮೇಳದವರು ಬೆಳತನಕ ಇದನ್ನೇ ಬಾರಿಸಿಕೊಂಡು ಕೃಷ್ಣನನ್ನು ಕುಣಿಸಿದರು.

ತಂಬೂರಿ ಮಾತ್ರ ನಾನು ಕೊಡುವುದಿಲ್ಲ. ಒಮ್ಮೆ ಕೊಟ್ಟಿದ್ದೆ. ಹಾಡು ಕಲಿಯುವ ಹುಡುಗನೊಬ್ಬ ಪರೀಕ್ಷೆ ಇದೆ ಅಂತ ಒಯ್ದ. ಬೈಕ್ ಹಿಂದೆ ಕೂತವನು ಬುರುಡೆಯನ್ನು ತೊಡೆ ಮೇಲಿಟ್ಟು, ದಂಡಿಯನ್ನು ಹೆಗಲಿಗೆ ಒರಗಿಸಿಕೊಂಡು ಹೋದ ಚಂದ ನೋಡಿ ಎದೆ ಧಸಕ್ ಅಂತು. ಎಂಟು ದಿನಕ್ಕೆ ಬಂತು. ಬುರುಡೆ ಗಟ್ಟಿಯಿತ್ತು, ತಂತಿ ನಾಲ್ಕೂ ಇದ್ದವು. ಮೀಟಿದರೆ ಟಣ್ ಅಂತ ಕಟ್ಟಿಗೆಗೆ ಬಡಿದ ಸದ್ದು. ಜವಾರಿ ಹೋಗಿತ್ತು.

ನಮ್ಮ ಕಡೆ ಜವಾರಿ ಅಂದರೆ ನಾಟಿ. ಜವಾರಿ ಬದನೆ, ಜವಾರಿ ಕೋಳಿ. ತಂಬೂರಿಯ ಜವಾರಿ ಬೇರೆ. ತಂತಿ ಕೂರುವ ಕುದುರೆಯ ಮೈಯನ್ನು ಎಷ್ಟು ಬೇಕೋ ಅಷ್ಟೇ ಇಳಿಜಾರಾಗಿ ಉಜ್ಜಿ, ತಂತಿಯ ಕೆಳಗೆ ಒಂದೆಳೆ ದಾರ ಸಿಕ್ಕಿಸಿದಾಗ ಬರುವ ಆ ಝೇಂಕಾರ. ದಾರ ಕಳೆದಿದ್ದರೆ ನಾನೇ ಹಾಕುತ್ತಿದ್ದೆ. ಯಾರೋ ಜಾಣರು ಕುದುರೆಯ ಮೈಯನ್ನೇ ಬ್ಲೇಡಿನಿಂದ ಕೆರೆದು ಸರಿ ಮಾಡಲು ನೋಡಿದ್ದರು. ಮತ್ತೆ ರೈಲು. ಚಿಂಚಲಿ, ಕುಡಚಿ, ಕೃಷ್ಣಾ ನದಿ ದಾಟಿ ಉಗಾರ, ಶೇಡಬಾಳ, ಮಿರಜ. ತಂಬೂರಿಗೆ ಕಿಟಕಿ ಸೀಟು, ನಾನು ನಿಂತೆ.

ಮಿರಜದ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಆ ಊರಿನದೇ ಮಾಲು ಅನ್ನುವ ಜಿಐ ಗುರುತು ಸಿಕ್ಕಿತು. ತಲೆಮಾರುಗಳಿಂದ ಅದನ್ನೇ ಮಾಡುವ ಮನೆತನಗಳು ಅಲ್ಲಿವೆ. ಪಂಢರಪುರದ ಕಡೆ ಬೆಳೆಯುವ ದೊಡ್ಡ ಸೋರೆ ಬುರುಡೆಗಳು ಅಂಗಡಿಯ ಸೂರಿಗೆ ತೂಗು ಹಾಕಿರುತ್ತಾರೆ. ಅಲ್ಲಿನ ಹಿರಿಯರೊಬ್ಬರು ಕುದುರೆ ನೋಡಿದರು, ನನ್ನನ್ನು ನೋಡಿದರು. ಮರಾಠಿ, ಕನ್ನಡ ಕೂಡಿಸಿ ಕೇಳಿದರು, "ಕುಣಾಲಾ ದಿಲಾ ಹೋತಾ? ಯಾರಿಗೆ ಕೊಟ್ಟಿದ್ರಿ?" ನಾನು ಉತ್ತರ ಕೊಡಲಿಲ್ಲ. ಅರ್ಧ ದಿನ ಉಜ್ಜುವುದು, ಮೀಟುವುದು, ಕಿವಿ ಇಡುವುದು, ಮತ್ತೆ ಉಜ್ಜುವುದು. ಸಂಜೆಗೆ ಜವಾರಿ ಮರಳಿತು. ದುಡ್ಡಿನ ಜೊತೆ ಒಂದು ಬೈಗುಳವನ್ನೂ ಲೆಕ್ಕಕ್ಕೆ ಸೇರಿಸಿದರು.

ಆ ಹುಡುಗ ಪಾಸಾದ. ಪೇಢೆ ತಂದುಕೊಟ್ಟ. ಒಳ್ಳೇ ಪೇಢೆ.

ಹೆಂಡತಿಗೆ ಇದೆಲ್ಲ ನೋಡಿ ಸಾಕಾಗಿದೆ. "ಕೊಟ್ಟಾಂವ ಕೋಡಂಗಿ, ಇಸಗೊಂಡಾಂವ ಈರಭದ್ರ" ಅನ್ನುತ್ತಾಳೆ. ಒಮ್ಮೆ ಅವಳ ಮಾತು ಕೇಳಿ ಎರಡು ವರ್ಷ ಯಾರಿಗೂ ಕೊಡದೆ ಅಟ್ಟದ ಮೇಲೆ ಇಟ್ಟೆ. ನನಗೂ ಬೆನ್ನುನೋವು, ಬಾರಿಸುತ್ತಿರಲಿಲ್ಲ. ಕೆಳಗಿಳಿಸಿದಾಗ ತಿದಿಯ ಚರ್ಮವನ್ನು ಇಲಿ ಅಗಿದಿತ್ತು. ಐದಾರು ರೀಡು ಹಿಡಿದುಕೊಂಡಿದ್ದವು. ಮಂದಿ ಹತ್ತು ವರ್ಷದಲ್ಲಿ ಮಾಡದ ಹಾಳನ್ನು ಒಂದು ಇಲಿ ಸುಮ್ನೆ ಕೂತು ಮಾಡಿತ್ತು. ಆಮೇಲೆ ಅವಳೇ ಬೈಕ್ ಸದ್ದು ಕೇಳಿದ ಕೂಡಲೇ ಪೇಟಿಯ ಮೇಲಿನ ದುಪಟಿ ತೆಗೆಯುತ್ತಾಳೆ.

ಈ ಸಲ ಶ್ರಾವಣ ಮುಗಿದು, ಗಣಪತಿಯೂ ಮುಗಿದು, ಒಂದು ಮುಂಜಾನೆ ಪೇಟಿ ಬಂತು. ಜೊತೆಗೆ ಎಂದಿನಂತೆ ಕಾಯಿ ಹೋಳು, ಎರಡು ಬಾಳೆಹಣ್ಣು. ಬಾರಿಸಿ ನೋಡಿದೆ. ಕರಿ ಮೂರು ಒತ್ತಿದೆ, ಎತ್ತಲು ಉಗುರು ಹಾಕಿದೆ. ಪಟ್ಟಿ ಆಗಲೇ ಮೇಲೆ ಬಂದಿತ್ತು. ಮತ್ತೊಮ್ಮೆ ಒತ್ತಿದೆ. ಮತ್ತೂ ಬಂತು. ಹಲಗೆ ಬಿಚ್ಚಿದೆ. ಆ ಪಟ್ಟಿಯ ಪಕ್ಕದಲ್ಲಿ ಕಟ್ಟಿಗೆಯನ್ನು ತುಸುವೇ ಉಜ್ಜಿದ್ದರು, ಹಸೀ ಬಣ್ಣ ಕಾಣುತ್ತಿತ್ತು. ಮೇಲೆ ಮೇಣದಬತ್ತಿ ಸವರಿದ ನುಣುಪು. ಮೂವತ್ತು ವರ್ಷ ನನ್ನಿಂದಾಗದ ಕೆಲಸ. ಯಾರು ಮಾಡಿದರು ಅಂತ ಆ ತಿಂಗಳು ಒಯ್ದ ನಾಲ್ಕೂ ಮೇಳದವರನ್ನು ಕೇಳಿದೆ. ನಾವಲ್ರಿ ಅಂದರು. ಬೈಯಲಿಕ್ಕೆ ಕೇಳುತ್ತಿದ್ದೇನೆ ಅಂದುಕೊಂಡರೋ ಏನೋ.

ಮೊನ್ನೆ ಶನಿವಾರ ಹನುಮಪ್ಪನ ಗುಡಿಯಲ್ಲಿ ಭಜನೆ. ಬಾರಿಸುತ್ತಿದ್ದ ಹುಡುಗ ಎರಡು ಸಲ ತಾಳ ತಪ್ಪಿದ. ನಡುವೆ ನಿಲ್ಲಿಸಿ ನನ್ನ ಕಡೆ ತಿರುಗಿದ. "ಸರ, ಇದನ್ನ ಯಾರ ರಿಪೇರಿ ಮಾಡ್ಯಾರ್ರಿ? ಬೆರಳ ತಾನ ಎತ್ತಾಕ ಹೋಗತೈತಿ, ಅಲ್ಲೇನೂ ಇಲ್ರಿ."